ವಾಸಿಲ್ ಕಟ್ಟಿದ ಗೋಡೆ

ಬೆಳಗಿನ ಐದೂವರೆ. ಕ್ಲಿಂಕರ್ ಗ್ಯಾಪ್ ಎಂಬ ಊರಿನ ಆಂಬುಲೆನ್ಸ್ ಗ್ಯಾರೇಜಿನ ಬಾಗಿಲು ಹಿಮಕ್ಕೆ ಕಚ್ಚಿಕೊಂಡಿದೆ. ವೆಲ್ಮಾ ಯುರ್ಕಾನಿನ್ ಬೂಟುಗಾಲಿನಿಂದ ಎರಡು ಸಲ ಒದೆಯುತ್ತಾರೆ. ಏಳುವುದಿಲ್ಲ. ಮೂರನೆಯ ಸಲ ಬಾಗಿಲಿನ ವಂಶವನ್ನೆಲ್ಲ ಬೈದು ಒದೆಯುತ್ತಾರೆ. ಕಿರ್ರೆಂದು ಮೇಲೇಳುತ್ತದೆ. ಒಳಗೆ ಹೋದವರೇ ಇಂಜಿನ್ ಚಾಲೂ ಮಾಡಿ, ಆಮ್ಲಜನಕದ ಸಿಲಿಂಡರಿನ ಮುಳ್ಳು ನೋಡಿ, ಟೈರುಗಳ ಸರಪಳಿಯನ್ನು ಕೈಯಿಂದ ಎಳೆದು ಪರೀಕ್ಷಿಸಿ, ಕೊನೆಗೆ ಕಾಫಿಗೆ ನೀರಿಡುತ್ತಾರೆ. ಅರವತ್ತೆಂಟು ವಯಸ್ಸು, ಎಡ ಮಂಡಿ ಬಗ್ಗುವುದಿಲ್ಲ. ಸಂಬಳ ಇಲ್ಲವೆನ್ನುವಷ್ಟು ಕಡಿಮೆ.

ಕಾಫಿ ಕುದಿಯುವ ಮೊದಲೇ ಕರೆ ಬರುತ್ತದೆ. ಗುಡ್ಡದ ಮೇಲಿನ ಸಾಲುಮನೆಯಲ್ಲಿ ಅಂಬ್ರೋಸ್ ಡೂಗನ್ ಅವರಿಗೆ ಉಸಿರು ಕಟ್ಟಿದೆ. ಮೂವತ್ತು ವರ್ಷ ಕಲ್ಲಿದ್ದಲಿನ ಧೂಳು ಕುಡಿದ ಎದೆ ಅದು. ವೆಲ್ಮಾ ಚಾಲಕಿ. ಹಿಂದೆ ರೋಗಿಯ ಜೊತೆ ಇರುವವಳು ವೆಲ್ಮಾರ ಮಗಳು ಡೀನಾ. ಬರೆಯಲೆಂದು ಜೊತೆಗೆ ಬಂದ ನಾನು ಮುಂದಿನ ಸೀಟಿನಲ್ಲಿ ಕೂತು ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಮಂಜುಗಡ್ಡೆ ಕಟ್ಟಿದ ಇಳಿಜಾರಿನಲ್ಲಿ ಗಾಡಿ ಒಮ್ಮೆ ಅಡ್ಡಡ್ಡ ಜಾರುತ್ತದೆ.

ವೆಲ್ಮಾ ರಸ್ತೆಯನ್ನೆಷ್ಟು ನೋಡುತ್ತಾರೋ ಹಿಂದಿನ ಕನ್ನಡಿಯನ್ನೂ ಅಷ್ಟೇ ನೋಡುತ್ತಾರೆ. ಡೀನಾ ಬೆಲ್ಟ್ ಹಾಕದೆ, ಬಗ್ಗಿ ನಿಂತು, ಅಂಬ್ರೋಸ್ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದಿದ್ದಾಳೆ.

"ಬೆಲ್ಟ್ ಹಾಕ್ಕೊಳೇ!"

"ಬೆಲ್ಟ್ ಹಾಕ್ಕೊಂಡ್ರೆ ಕೈ ಎಟುಕಲ್ಲಮ್ಮ. ನೀನು ರಸ್ತೆ ನೋಡು."

"ಎರಡು ಮಕ್ಕಳ ತಾಯಿ ನೀನು, ನೆನಪಿರ್ಲಿ."

ಮಾಸ್ಕಿನೊಳಗಿನಿಂದ ಅಂಬ್ರೋಸ್ ತಾತನ ದನಿ ಬರುತ್ತದೆ: "ಇಬ್ರೂ ಸ್ವಲ್ಪ ಸುಮ್ನಿರ್ತೀರಾ? ಸಾಯೋಕೂ ಬಿಡಲ್ವಲ್ರೇ."

ಆಸ್ಪತ್ರೆ ನಲವತ್ತು ನಿಮಿಷದ ದಾರಿ. ತಾತ ಬದುಕಿ ಉಳಿಯುತ್ತಾರೆ. ವರ್ಷಕ್ಕೆ ಇಂಥ ಆರುನೂರು ಕರೆಗಳಿಗೆ ಈ ಒಂದು ಗಾಡಿ ಓಡುತ್ತದೆ. ಈ ಊರಿನಲ್ಲಿ ಇದನ್ನು ಯಾರೂ ಸೇವೆ ಎಂದು ಕರೆಯುವುದಿಲ್ಲ. 'ವೆಲ್ಮಾ ಬಂದ್ಲಾ?' ಎಂದಷ್ಟೇ ಕೇಳುತ್ತಾರೆ.

ಇಪ್ಪತ್ತೇಳು ವರ್ಷದಿಂದ ಈ ಪೆನ್ಸಿಲ್ವೇನಿಯಾದ ಗಣಿ ಊರಿನ ಶಾಲೆಯಲ್ಲಿ ನಾನು ಲೆಕ್ಕ ಹೇಳಿಕೊಡುತ್ತಿದ್ದೇನೆ. ಡೀನಾ ನಾನು ಪಾಠ ಹೇಳಿದ ಮೊದಲ ತಂಡದ ಹುಡುಗಿ. ವೆಲ್ಮಾ ಬಗ್ಗೆ ಬರೆಯಬೇಕೆಂದು ಹಿಂದೆಯೇ ಅಂದುಕೊಂಡಿದ್ದೆ. ಈ ವಾರವೇ ಬರೆಯಲು ಕೂತದ್ದಕ್ಕೆ ಕಾರಣ ಭಯ. ಭಾನುವಾರ ಒಂದು ಮತದಾನವಿದೆ. ಅದು ಬಿದ್ದುಹೋದರೆ ಡೀನಾ ಇದೇ ಗಾಡಿಯಲ್ಲಿ, ಇದೇ ಇಳಿಜಾರಿನಲ್ಲಿ, ಇದೇ ಕೆಲಸ ಮಾಡುತ್ತಿದ್ದರೂ ಕಾಯಿದೆಯ ಕಣ್ಣಿಗೆ ಬೇರೆಯೇ ಮನುಷ್ಯಳಾಗುತ್ತಾಳೆ.

ಗ್ಯಾರೇಜಿನ ಬಲಗಡೆ ಒಂದು ಇಟ್ಟಿಗೆ ಗೋಡೆಯಿದೆ. ಆಚೆ ಅಗ್ನಿಶಾಮಕ ದಳ, ಈಚೆ ಆಂಬುಲೆನ್ಸ್. ಮೊದಲು ಇದೆಲ್ಲ ಒಂದೇ ಹಜಾರವಾಗಿತ್ತು, ಒಂದೇ ದಳವಾಗಿತ್ತು. ಎರಡಾಗಿಸಿದ್ದು ಒಂದು ಬಾಣಲೆ. ನಗಬೇಡಿ, ನಾನು ಕಣ್ಣಾರೆ ಕಂಡವನು.

ಇಲ್ಲಿ ಪ್ರತಿ ಬೇಸಿಗೆಗೂ ದಳದ ಅಂಗಳದಲ್ಲಿ ಊರೂಟ ನಡೆಯುತ್ತದೆ. ತುರಿದ ಆಲೂಗಡ್ಡೆಯನ್ನು ಹಿಟ್ಟಿನಲ್ಲಿ ಕಲಸಿ ಎಣ್ಣೆಯಲ್ಲಿ ಕರಿದ 'ಬ್ಲೀನಿ'ಗೆ ಜನ ಸಾಲುಗಟ್ಟುತ್ತಾರೆ. ಕರಿಯುತ್ತಿದ್ದವರು ಆಂಬುಲೆನ್ಸಿನ ಕಡೆಯವರು. ದೊಡ್ಡ ಬಾಣಲೆ ಬೆಂಕಿ ಆರಿಸುವವರದ್ದು. ನಾನು ಈ ಊರಿಗೆ ಬಂದ ಹೊಸದರಲ್ಲಿ ಒಂದು ವರ್ಷ ದಳದ ಎಲ್ವುಡ್ ರೈಕರ್ಟ್, ಬ್ಲೀನಿಯ ಹೆಸರೆಲ್ಲ ಆಂಬುಲೆನ್ಸಿಗೇ ಹೋಗುತ್ತಿದೆಯೆಂದು ಮುನಿಸಿಕೊಂಡು, ಊಟದ ದಿನ ಬೆಳಿಗ್ಗೆ ಬಾಣಲೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ವೆಲ್ಮಾ ಗಂಡ ವಾಸಿಲ್ ಆಂಬುಲೆನ್ಸಿನ ಮುಖ್ಯ ಚಾಲಕ, ಕಸುಬಿನಿಂದ ಗಾರೆ ಕೆಲಸದವನು. ಬೀಗ ಕಂಡವನು ಜಗಳವಾಡಲಿಲ್ಲ. ಮರುದಿನ ಇಟ್ಟಿಗೆ ತಂದ.

"ಒಂದೇ ವಾರದಲ್ಲಿ ಎಬ್ಬಿಸ್ದ," ಎನ್ನುತ್ತಾರೆ ವೆಲ್ಮಾ. "ಆ ಕಡೆಯಿಂದ ಎಲ್ವುಡ್ ಕೂಗ್ತಿದ್ದ, 'ಇನ್ನೂ ಎತ್ತರ ಕಟ್ಟೋ, ನಿನ್ ಮುಖ ಕಾಣ್ತಿದೆ' ಅಂತ. ಇವ್ನು ಕಟ್ದ. ನಾನೂ ನಗ್ತಾ ಇಟ್ಟಿಗೆ ಎತ್ಕೊಟ್ಟೆ. ಯಾರಿಗ್ ಗೊತ್ತಿತ್ತು ಮೇಷ್ಟ್ರೇ."

ಗೋಡೆ ಎದ್ದ ಮೇಲೆ ಆಂಬುಲೆನ್ಸ್ ಬೇರೆ ಸಂಸ್ಥೆಯಾಗಿ ನೋಂದಣಿಯಾಯಿತು. ಲಾಭಕ್ಕಾಗಿ ನಡೆಯದ, ಖಾಸಗಿ ಸಂಸ್ಥೆ. ಆ ಸಹಿಯ ಬೆಲೆ ಆಗ ಯಾರಿಗೂ ತಿಳಿಯಲಿಲ್ಲ.

ಕರ್ತವ್ಯದಲ್ಲಿ ಸತ್ತವರ ಮನೆಯವರಿಗೆ ಪರಿಹಾರ ಕೊಟ್ಟು ಕೈ ಹಿಡಿಯಲು ವಾಷಿಂಗ್ಟನ್ನಿನವರು ಮಾಡಿದ ಕಾಯಿದೆಯೊಂದಿದೆ. 'ಸಾರ್ವಜನಿಕ ಸುರಕ್ಷತಾ ಅಧಿಕಾರಿ' ಎಂದರೆ ಯಾರು ಎಂಬ ಮಾತಿನ ಮೇಲೆ ಅದೆಲ್ಲ ನಿಂತಿದೆ, ಮತ್ತು ಆ ಮಾತಿನ ಅರ್ಥ ನಿಂತಲ್ಲಿ ನಿಂತಿಲ್ಲ. ಮೊದಲಿಗೆ ಪೊಲೀಸರು, ಬೆಂಕಿ ಆರಿಸುವವರು. ಆಮೇಲೆ ಆಂಬುಲೆನ್ಸಿನವರು ಸೇರಿದರು, ಆದರೆ ಸರ್ಕಾರದ್ದೋ ದಳದ್ದೋ ಆಂಬುಲೆನ್ಸ್ ಆಗಿರಬೇಕು. ಮುಂದೆ ದಳದ ಪಾದ್ರಿಗಳು ಸೇರಿದರು. ಬೆಂಕಿಯಲ್ಲಿ ಬಿದ್ದು ಸತ್ತರಷ್ಟೇ ಅಲ್ಲ, ಮೈಮುರಿದು ದುಡಿದು ಬಂದು ಒಂದು ದಿನದೊಳಗೆ ಎದೆಯೊಡೆದು ಸತ್ತರೂ ಕರ್ತವ್ಯದ ಸಾವೇ ಎಂದು ಇನ್ನೊಮ್ಮೆ ತಿದ್ದಿದರು. ಪ್ರತಿ ಸಲವೂ ಯಾರೋ ಹೊರಗೆ ಉಳಿದು ಸತ್ತ ಮೇಲೆಯೇ ಬಾಗಿಲು ಒಂದಿಷ್ಟು ಅಗಲವಾದದ್ದು.

ವಾಸಿಲ್ ಹೋದದ್ದು ಎರಡು ಸಾವಿರದ ಒಂಬತ್ತರ ಫೆಬ್ರವರಿಯಲ್ಲಿ. ದಪ್ಪನೆಯ ಹೆಂಗಸೊಬ್ಬರನ್ನು ಮೂರನೆಯ ಮಹಡಿಯಿಂದ ಕಡಿದಾದ ಮೆಟ್ಟಿಲಲ್ಲಿ ಕುರ್ಚಿ ಸಮೇತ ಹೊತ್ತು ಇಳಿಸಿದ. ಎಡಗೈ ನೋಯುತ್ತಿತ್ತು. ಹೇಳಲಿಲ್ಲ. ಆಂಬುಲೆನ್ಸಿನವನು ತನ್ನದೇ ಆಂಬುಲೆನ್ಸಿನಲ್ಲಿ ಮಲಗಿ ಆಸ್ಪತ್ರೆಗೆ ಹೋದರೆ ಇಲ್ಲಿ ಸಾಯುವ ತನಕ ಗೇಲಿ ತಪ್ಪುವುದಿಲ್ಲ. ಆ ಗೇಲಿಗೆ ಹೆದರಿ ಸುಮ್ಮನಿರುವುದು ಇವರೆಲ್ಲರ ಹಳೆಯ ದಡ್ಡತನ. ವಾಪಸು ಬಂದು ಗಾಡಿ ತೊಳೆಯುತ್ತಿದ್ದವನು ಅಲ್ಲೇ, ತಾನು ಕಟ್ಟಿದ ಗೋಡೆಯ ಬುಡಕ್ಕೆ ಬಿದ್ದ.

ಆಚೆ ಬದಿಯಲ್ಲಿ ಆಗ ಎಲ್ವುಡ್ ಒಬ್ಬನೇ ಇದ್ದ. ಈಗ ಅವರಿಗೆ ಎಪ್ಪತ್ತೆರಡು, ದಳದ ಮುಖ್ಯಸ್ಥರು. ಈ ಮಾತು ಬಂದರೆ ಇವತ್ತಿಗೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. "ಧಡ್ ಅಂತ ಕೇಳಿಸ್ತು. ಗೋಡೆಗೇ ತಾಗಿ ಬಿದ್ದಿದ್ದು. ಹತ್ತು ಅಡಿ ದೂರದಲ್ಲಿದ್ದೆ ಕಣ್ರೀ ನಾನು. ಆ ಪುಣ್ಯಾತ್ಮ ಗೋಡೆಗೆ ಒಂದು ಬಾಗಿಲೂ ಇಟ್ಟಿರ್ಲಿಲ್ಲ. ಹೊರಗೆ ಹೋಗಿ, ಮೊಣಕಾಲುದ್ದ ಹಿಮದಲ್ಲಿ ಕಟ್ಟಡ ಸುತ್ಕೊಂಡು ಓಡ್ದೆ. ಎದೆ ಒತ್ತಿದೆ, ಒತ್ತಿದೆ... ಅಷ್ಟು ವರ್ಷ ಮಾತು ಬಿಟ್ಟಿದ್ದವನ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟೆ. ಬರ್ಲಿಲ್ಲ."

ಗೋಡೆಯ ಆಚೆ ಬಿದ್ದಿದ್ದರೆ ಅದು ಕರ್ತವ್ಯದ ಸಾವು. ಈಚೆ ಬಿದ್ದದ್ದರಿಂದ ಅಲ್ಲ. ಪರಿಹಾರಕ್ಕೆ ಅರ್ಜಿ ಹಾಕಿದ ವೆಲ್ಮಾಗೆ ಬಂದ ಉತ್ತರದ ಸಾರಾಂಶ ಇಷ್ಟೆ. ಕಾಯಿದೆಯನ್ನು ಮತ್ತೆ ತಿದ್ದಿ, ವಾಸಿಲನ ಸಂಸ್ಥೆಯಂಥ, ಲಾಭಕ್ಕಾಗಿ ನಡೆಯದ ಆಂಬುಲೆನ್ಸುಗಳನ್ನೂ ಒಳಗೆ ಸೇರಿಸಿಕೊಂಡದ್ದು ಕೆಲವು ವರ್ಷಗಳ ಮೇಲೆ. ಹಿಂದಿನ ಸಾವುಗಳಿಗೂ ಅನ್ವಯ ಎಂದರು. ಎಂದಿನಿಂದ? ಅದೇ ಎರಡು ಸಾವಿರದ ಒಂಬತ್ತರ ಜೂನ್ ತಿಂಗಳಿಂದ ಈಚಿನವಕ್ಕೆ ಮಾತ್ರ.

"ಫೆಬ್ರವರಿ," ಎನ್ನುತ್ತಾರೆ ವೆಲ್ಮಾ. ದಳದ ಮುಂದಿನ ಕಲ್ಲಿನಲ್ಲಿ, ಕರ್ತವ್ಯದಲ್ಲಿ ಮಡಿದರೆಂದು ಕಾಯಿದೆ ಒಪ್ಪಿದವರ ಹೆಸರುಗಳಿವೆ. ವಾಸಿಲನದಿಲ್ಲ. ಪ್ರತಿದಿನ ಅದರ ಮುಂದೆಯೇ ಗಾಡಿ ಹೊರಗೆ ಬರಬೇಕು.

ಈಗಿನ ಆತಂಕಕ್ಕೆ ಬರುತ್ತೇನೆ. ಆಂಬುಲೆನ್ಸ್ ಸಂಸ್ಥೆ ಇನ್ನು ನಡೆಯುವ ಸ್ಥಿತಿಯಲ್ಲಿಲ್ಲ. ಮಾರ್ಚ್ ಒಂದರಿಂದ ಲಾಭಕ್ಕಾಗಿ ನಡೆಯುವ ನಗರದ ಕಂಪನಿಯೊಂದು ಇದನ್ನು ವಹಿಸಿಕೊಳ್ಳುತ್ತದೆ. ಗಾಡಿ ಇದೇ, ಡೀನಾ ಕೆಲಸವೂ ಇದೇ. ಆದರೆ ಲಾಭದ ಕಂಪನಿಯ ನೌಕರರು ಕಾಯಿದೆಯ ಆ ಅರ್ಥದೊಳಗೆ ಇವತ್ತಿಗೂ ಬಂದಿಲ್ಲ. ಇರುವ ಇನ್ನೊಂದೇ ದಾರಿ, ಅಗ್ನಿಶಾಮಕ ದಳ ಇವರನ್ನು ಮರಳಿ ಸೇರಿಸಿಕೊಳ್ಳುವುದು. ಅದಕ್ಕೆ ದಳದ ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಬೇಕು. ಖರ್ಚು ಯಾರು ಹೊರುತ್ತಾರೆ ಎನ್ನುವವರಿದ್ದಾರೆ. ಬಾಣಲೆಯನ್ನು ಮರೆಯದವರೂ ಇದ್ದಾರೆ.

"ಕಂಪನಿ ಬಂದ್ರೆ ನೀನು ಬಿಟ್ಬಿಡು," ಎಂದು ವೆಲ್ಮಾ ಶನಿವಾರ ಮಗಳಿಗೆ ಹೇಳುತ್ತಾರೆ. ಅಡುಗೆಮನೆಯಲ್ಲಿ ಎಲೆಕೋಸು, ಶಾವಿಗೆ ಬೆಣ್ಣೆಯಲ್ಲಿ ಬಾಡುತ್ತಿವೆ.

"ಬಿಟ್ರೆ ಅಂಬ್ರೋಸ್ ತಾತನ್ನ ಯಾರು ಎತ್ತಾರೆ? ನಿನ್ ಮಂಡೀನಾ?"

"ಯಾರಾದ್ರೂ ಎತ್ಲಿ. ಒಂದ್ಸಲ ನಮ್ಮನೇಲಿ ಆಗಿದೆ. 'ನಿಮ್ಮೋರು ಲೆಕ್ಕಕ್ಕಿಲ್ಲ' ಅನ್ನೋ ಮಾತು ಇನ್ನೊಂದ್ಸಲ ಕೇಳೋ ಶಕ್ತಿ ನಂಗಿಲ್ಲ."

"ನಾನೇನು ಸಾಯೋಕೆ ಹೋಗ್ತಿದ್ದೀನಾ?"

"ನಿಮ್ಮಪ್ಪ ಹೋಗಿದ್ನಾ?"

ಶಾವಿಗೆ ತಳ ಹತ್ತುತ್ತದೆ. ಇಬ್ಬರೂ ಒಲೆಯ ಕಡೆ ತಿರುಗಿ ನೋಡುವುದಿಲ್ಲ. ನಾನೇ ಎದ್ದು ಆರಿಸುತ್ತೇನೆ.

ಭಾನುವಾರ ಚರ್ಚ್ ಮುಗಿದ ಮೇಲೆ ದಳದವರು ಮಹಡಿಯ ಹಜಾರದಲ್ಲಿ ಸೇರುತ್ತಾರೆ. ಅವರ ಮತದಾನ ಅಜ್ಜಂದಿರ ಕಾಲದ್ದು. ಮುಚ್ಚಿದ ಮರದ ಪೆಟ್ಟಿಗೆಯೊಳಗೆ ಕೈ ಹಾಕಿ, ಒಪ್ಪಿಗೆಯಾದರೆ ಬಿಳಿ ಗೋಲಿ, ಇಲ್ಲವಾದರೆ ಕರಿ ಗೋಲಿ ಬಿಡಬೇಕು. ಹೊಸಬರನ್ನು ಸೇರಿಸಿಕೊಂಡರೆ ಮುಂಬಾಗಿಲಿನ ಕಂಚಿನ ಗಂಟೆ ಹೊಡೆಯುತ್ತಾರೆ. ಸೇರಿಸಿಕೊಳ್ಳದಿದ್ದರೆ ಮಾತಿಲ್ಲದೆ ಮನೆಗೆ ಹೋಗುತ್ತಾರೆ.

ಆಂಬುಲೆನ್ಸಿನವರಿಗೆ ಒಳಗೆ ಪ್ರವೇಶವಿಲ್ಲ. ವೆಲ್ಮಾ, ಡೀನಾ, ನಾನು ಗ್ಯಾರೇಜಿನಲ್ಲಿ ಗೋಡೆಯ ಪಕ್ಕ ಕೂತಿದ್ದೇವೆ. ಆಚೆಯ ಒಂದು ಪಿಸುಮಾತೂ ಕೇಳುವುದಿಲ್ಲ, ಅಷ್ಟು ದಪ್ಪ ಗೋಡೆ. ವೆಲ್ಮಾ ಸಿಲಿಂಡರಿನ ಮುಳ್ಳು ನೋಡಿ ಬರುತ್ತಾರೆ. ಕೂರುತ್ತಾರೆ. ಮತ್ತೆ ಎದ್ದು ಅದೇ ಮುಳ್ಳು ನೋಡುತ್ತಾರೆ. ಡೀನಾ ಉಗುರು ಕಡಿಯುತ್ತಾಳೆ. ನನ್ನ ಕಾಫಿ ಆರಿ ತಣ್ಣಗಾಗಿದೆ. ಗಂಟೆ ಹೊಡೆಯಲಿ ಎಂದು ನಾನು ನಮ್ಮೂರಿನ ದೇವರನ್ನೂ ಇಲ್ಲಿಯ ದೇವರನ್ನೂ ಒಟ್ಟಿಗೆ ಬೇಡಿಕೊಳ್ಳುತ್ತಿದ್ದೇನೆ.

ಹೊರಗೆ ಒಂದು ಕಾರು ಹೊರಟ ಸದ್ದು. ಹಿಂದೆಯೇ ಇನ್ನೊಂದು. ಗಂಟೆ ಇಲ್ಲ.

"ಮುಗೀತು," ಎನ್ನುತ್ತಾಳೆ ಡೀನಾ. "ಎದ್ದೇಳಮ್ಮ, ಮನೆಗೆ ಹೋಗೋಣ."

ವೆಲ್ಮಾ ಏಳುವುದಿಲ್ಲ. ಮಗಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಹಾಗೇ ಕೂರುತ್ತಾರೆ.

ಆಗ ಗೋಡೆ ಧಡ್ ಎನ್ನುತ್ತದೆ.

ವೆಲ್ಮಾ ಮುಖ ಬಿಳಿಚಿಕೊಳ್ಳುತ್ತದೆ. ಎಲ್ವುಡ್ ಹೇಳಿದ ಆ ಸದ್ದು ನನಗೂ ನೆನಪಾಗುತ್ತದೆ. ಆಚೆ ಯಾರು ಬಿದ್ದರು? ಡೀನಾ ಆಗಲೇ ಔಷಧದ ಚೀಲ ಹೆಗಲಿಗೇರಿಸಿ ಹೊರಗಿನ ಬಾಗಿಲಿಗೆ ಓಡಿದ್ದಾಳೆ. ಮತ್ತೊಂದು ಧಡ್. ಇನ್ನೊಂದು. ಬಿದ್ದವರು ಮೂರು ಸಲ ಬೀಳುವುದಿಲ್ಲವಲ್ಲ. ಡೀನಾ ಹೊಸ್ತಿಲಲ್ಲೇ ನಿಲ್ಲುತ್ತಾಳೆ. ಗೋಡೆಯಿಂದ ಒಂದು ಚಿಟಿಕೆ ಸುಣ್ಣದ ಪುಡಿ ಉದುರುತ್ತದೆ.

ಸದ್ದು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಎಲ್ವುಡ್ ಹಿಮದಲ್ಲಿ ಕಟ್ಟಡವನ್ನು ಸುತ್ತಿಕೊಂಡು, ಏದುಸಿರು ಬಿಡುತ್ತ ಬರುತ್ತಾರೆ. ಟೋಪಿಯಿಲ್ಲ, ಕೈಯಲ್ಲಿ ದೊಡ್ಡ ಸುತ್ತಿಗೆ.

"ಗಂಟೆ ನಾಲಿಗೆ ಹಿಮಕ್ಕೆ ಕಚ್ಕೊಂಡ್ಬಿಟ್ಟಿದೆ ವೆಲ್ಮಾ! ಎಷ್ಟು ಎಳೆದ್ರೂ ಅಲ್ಲಾಡ್ಲಿಲ್ಲ. ಒಳಗೆ ಬಂದ್ರಿ ಕಣ್ರೇ ನೀವು. ಕರಿ ಗೋಲಿ ಬೆರಳೆಣಿಕೆಯಷ್ಟೂ ಇಲ್ಲ."

ಡೀನಾ ಚೀಲ ಕೆಳಗಿಟ್ಟು, ಅದರ ಮೇಲೇ ಕುಸಿದು ಕೂತು ಅಳುತ್ತಾಳೆ. ವೆಲ್ಮಾ ಅಳುವುದಿಲ್ಲ. ಎಲ್ವುಡ್‌ರನ್ನು ರಟ್ಟೆ ಹಿಡಿದು ಕುರ್ಚಿಗೆ ಕೂರಿಸಿ, ಮಣಿಕಟ್ಟಿನ ನಾಡಿ ಹಿಡಿಯುತ್ತಾರೆ.

"ಕೂತ್ಕೋ, ಮುದುಕಪ್ಪ. ಎಪ್ಪತ್ತೆರಡು ನಿಂಗೆ. ಗೋಡೆ ಒಡೆಯೋಕೆ ಹೋಗಿ ಎದೆ ಒಡ್ಕೊಂಡ್ರೆ ಅದು ಕರ್ತವ್ಯವೋ ಅಲ್ವೋ, ಯಾರನ್ನ ಕೇಳ್ಲಿ?"

ಎಲ್ವುಡ್ ನಗಲು ಹೋಗಿ ಕೆಮ್ಮುತ್ತಾರೆ. ಆಮೇಲೆ ತಲೆ ತಗ್ಗಿಸುತ್ತಾರೆ. "ವಾಸಿಲ್ ಹೆಸರು ಇದ್ರಿಂದ ಕಲ್ಲಿಗೆ ಬರಲ್ಲ. ಗೊತ್ತು ನಂಗೆ. ಆ ಜೂನ್ ತಿಂಗಳನ್ನ ನನ್ ಕೈಲಿ ಹಿಂದಕ್ಕೆ ತಳ್ಳೋಕಾಗಲ್ಲ. ಗೋಡೆಗಾದ್ರೂ ಒಂದು ದಾರಿ ಮಾಡೋಣ ಅಂತ ಹೊಡ್ದೆ. ಒಂದು ಇಟ್ಟಿಗೆನೂ ಜರುಗ್ತಿಲ್ಲ ನೋಡು, ದರಿದ್ರದ್ದು."

ವೆಲ್ಮಾ ಎದ್ದು ಹೋಗಿ ಗೋಡೆಗೆ ಅಂಗೈ ಊರಿ ನಿಲ್ಲುತ್ತಾರೆ. ಉದುರಿದ ಸುಣ್ಣವನ್ನು ಕೋಟಿನ ತೋಳಿನಿಂದ ಒರೆಸುತ್ತಾರೆ. ಈ ವಾರದಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗು ಕಾಣುತ್ತದೆ.

"ನಾಳೆ ಮಶಿನ್ ತರಿಸು ಎಲ್ವುಡ್," ಎನ್ನುತ್ತಾರೆ. "ಸುತ್ತಿಗೆಗೆಲ್ಲ ಬೀಳಲ್ಲ ಅದು. ನಮ್ಮೋನು ಕಟ್ಟಿದ್ದು."