ಕಲ್ಲಿನ ಸಿಂಹದಿಂದ ಅರವತ್ತು ಹೆಜ್ಜೆ

ನಾನು ಚಿಕ್ಕವಳಿದ್ದಾಗ ಬಿಶಾನಿನಲ್ಲಿ ಒಂದೂ ಎತ್ತರದ ಕಟ್ಟಡ ಇರಲಿಲ್ಲ. ಗುಡ್ಡದ ತುಂಬ ಚೀನೀಯರ ಹಳೆಯ ಸಮಾಧಿಗಳು, ಬುಡದಲ್ಲಿ ತಗಡಿನ ಸೂರಿನ ಒಂದಷ್ಟು ಮನೆಗಳು. ಅವುಗಳಲ್ಲೊಂದು ನಮ್ಮದು. ಬೆಳಗ್ಗೆ ಕಿಟಕಿ ತೆರೆದರೆ ಹಂದಿಗೂಡಿನ ವಾಸನೆ, ಊದುಕಡ್ಡಿಯ ಹೊಗೆ, ಒದ್ದೆ ಹುಲ್ಲಿನ ತಂಪು ಎಲ್ಲ ಒಟ್ಟಿಗೇ ಒಳಗೆ ಬರುತ್ತಿದ್ದವು.

ಅಪ್ಪ ಮೈಸೂರಿನಿಂದ ಸಮುದ್ರ ದಾಟಿ ಈ ದ್ವೀಪಕ್ಕೆ ಬಂದ ಸರ್ವೇಯರ್. ಪಕ್ಕದ ಮನೆಯಲ್ಲಿ ಒಬ್ಬಂಟಿಯಾಗಿದ್ದ ಚೀನೀ ಆಂಟಿ, ಶಾಲೆ ಬಿಟ್ಟು ಬಂದ ನನಗೆ ದಿನಾ ಹಿತ್ತಿಲ ಬಾಗಿಲಲ್ಲಿ ಬಿಸಿ ಸೋಯಾ ಹಾಲು ಕೊಡುತ್ತಿದ್ದರು. ಒಂದು ದಿನ ಗುಡ್ಡ ಸಮ ಮಾಡಿ ಹೊಸ ಬಡಾವಣೆ ಕಟ್ಟುತ್ತಾರೆಂಬ ಸುದ್ದಿ ಬಂತು. ಸಮಾಧಿಯಲ್ಲಿದ್ದ ತಮ್ಮವರನ್ನು ಗಡುವಿನೊಳಗೆ ಎಲ್ಲರೂ ತೆಗೆದುಕೊಂಡು ಹೋಗಬೇಕಿತ್ತು. ಗುಡ್ಡವನ್ನು ಅಳೆಯುವವರಲ್ಲಿ ಅಪ್ಪನೂ ಒಬ್ಬರೆಂದು ತಿಳಿದ ಮೇಲೆ ಆಂಟಿ ಹಿತ್ತಿಲ ಬಾಗಿಲು ತೆರೆಯಲೇ ಇಲ್ಲ. ನನಗೂ ಅಪ್ಪನ ಮೇಲೆ ಸಿಟ್ಟಿತ್ತು.

ಗಡುವು ಮುಗಿಯುವ ದಿನ ಬೆಳಗ್ಗೆ ಆಂಟಿಯೇ ನಮ್ಮ ಬಾಗಿಲಿಗೆ ಬಂದರು. ಕಣ್ಣು ಊದಿಕೊಂಡಿತ್ತು. ಹರಯದಲ್ಲೇ ಅವರಿಗೊಂದು ಹೆಣ್ಣುಮಗು ಹುಟ್ಟಿ, ಮೂರು ತಿಂಗಳಿಗೆ ಜ್ವರ ಬಂದು ತೀರಿಕೊಂಡಿತ್ತಂತೆ. ಗುಡ್ಡದಲ್ಲಿ ಅದನ್ನು ಹೂತಲ್ಲಿ ನೆಟ್ಟಿದ್ದ ಮರದ ಹಲಗೆ ಗೆದ್ದಲು ತಿಂದು ಹೋಗಿತ್ತು. ಅಂದು ಮಗುವನ್ನು ಎತ್ತಿಕೊಂಡು ನಡೆದಾಗ ಎಣಿಸಿದ್ದಷ್ಟೇ ಅವರಿಗೆ ನೆನಪಿತ್ತು: ಸಮಾಧಿಗಳ ನಡುವಿನ ಕಲ್ಲಿನ ಸಿಂಹದಿಂದ ಬಾವಿಯ ಕಡೆಗೆ ಅರವತ್ತು ಹೆಜ್ಜೆ. ಆ ಬಾವಿಯನ್ನೂ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು.

ಅಪ್ಪ ನಕಾಶೆ ಬಿಡಿಸಿದರು. ಅದರಲ್ಲಿ ಹಳೆಯ ಬಾವಿಯ ಗುರುತಿತ್ತು. ಗುಡ್ಡಕ್ಕೆ ಹೋಗಿ ಬಾವಿ ಇದ್ದಲ್ಲಿ ಕೆಂಪು ಬಿಳಿ ಪಟ್ಟಿಯ ಕೋಲು ನೆಟ್ಟು, ಸಿಂಹದ ಹತ್ತಿರ ವಾಪಸು ಬಂದರು. ಆಂಟಿ ನಡೆಯಲು ಹೊರಟರೆ ಮಂಡಿ ನೋವಿಗೆ ಹೆಜ್ಜೆಗಳು ಗೇಣುದ್ದ ಬೀಳುತ್ತಿದ್ದವು. ಗಿಡ್ಡ ಮೈಕಟ್ಟಿನ ಅವರಷ್ಟೇ ಎತ್ತರ ನಾನು ಆಗಲೇ ಬೆಳೆದಿದ್ದೆ. ಅಪ್ಪ ನನ್ನನ್ನು ಕರೆದರು.

“ನೀನು ನಡಿ ಮಗಳೇ. ನಿಧಾನಕ್ಕೆ ನಡಿ. ಕೈಯಲ್ಲಿ ಮಗು ಇದೆ ಅಂದ್ಕೋ.”

ತೋಳುಗಳನ್ನು ಎದೆಗೆ ಒತ್ತಿಕೊಂಡು ಕೋಲಿನ ಕಡೆ ನಡೆದೆ. ಲಾಲಾಂಗ್ ಹುಲ್ಲು ಮೊಣಕಾಲನ್ನು ಕೊಯ್ಯುತ್ತಿತ್ತು. ಹಿಂದೆ ಆಂಟಿ ತಮ್ಮ ಭಾಷೆಯಲ್ಲಿ ಹೆಜ್ಜೆ ಎಣಿಸುತ್ತಿದ್ದರು. ಐವತ್ತು ದಾಟುವಷ್ಟರಲ್ಲಿ ಅವರ ದನಿ ಒಡೆಯಿತು. ನನ್ನ ತೋಳುಗಳೂ ನಿಜಕ್ಕೂ ಭಾರವಾದಂತೆ ಅನ್ನಿಸಿತು.

ನಾನು ನಿಂತಲ್ಲಿ ಅಪ್ಪನ ಕೆಲಸದವರು ಅಗೆದರೆ ಏನೂ ಸಿಗಲಿಲ್ಲ. ಅಪ್ಪ ಪಕ್ಕದಲ್ಲಿ ಅಗೆಯಲು ಹೇಳಿದರು, ಮತ್ತೆ ಇನ್ನೊಂದು ಕಡೆ. ಬಿಸಿಲು ಏರಿ ಕೆಲಸದವರು ಗುದ್ದಲಿ ಇಟ್ಟು ಕುಳಿತಾಗ ಅಪ್ಪನೇ ಶರ್ಟಿನ ತೋಳು ಮಡಚಿ ಮಂಡಿಯೂರಿದರು. ಮಾರು ದೂರದಲ್ಲಿ, ಕೆಂಪು ಮಣ್ಣಿನೊಳಗೆ, ಕವುಚಿಟ್ಟ ನೀಲಿ ಹೂವಿನ ಬಟ್ಟಲು ಸಿಕ್ಕಿತು. ಅದರ ಕೆಳಗೆ ಕಪ್ಪಾದ ಒಂದು ಪುಟ್ಟ ಬೆಳ್ಳಿ ಕಾಲ್ಗೆಜ್ಜೆ. ಎಲುಬು ಹೆಚ್ಚೇನೂ ಉಳಿದಿರಲಿಲ್ಲ.

ಆಂಟಿ ಮೊದಲು ಕೊಡೆ ಬಿಚ್ಚಿದರು. ಮಗುವಿಗೆ ಬಿಸಿಲು ತಾಗಬಾರದು ಎಂದರು. ಆಮೇಲೆ ಸಿಕ್ಕಿದ್ದನ್ನೆಲ್ಲ ಒಂದು ಹಿಡಿ ಮಣ್ಣಿನ ಜೊತೆ ಕೆಂಪು ಬಟ್ಟೆಯಲ್ಲಿ ಕಟ್ಟಿಕೊಂಡು, ಸಂಜೆ ಕಚೇರಿ ಮುಚ್ಚುವ ಮುಂಚೆ ಮಗಳ ಹೆಸರು ಬರೆಸಿ ಬಂದರು. ಅಸ್ಥಿ ಇಡುವ ಮಂದಿರದಲ್ಲಿ ಆ ಮಗುವಿಗೆ ಒಂದು ಗೂಡು ಸಿಕ್ಕಿತು. ಅಪ್ಪ ಅಂದು ಊಟ ಮಾಡಲಿಲ್ಲ. ಆ ಜಾಗ ತಮ್ಮ ನಕಾಶೆಯಲ್ಲಿ ಖಾಲಿ ಇತ್ತು ಎಂದಷ್ಟೇ ಹೇಳಿದರು.

ಮಕ್ಕಳೇ, ಈಗ ಅದೇ ಬಿಶಾನಿನ ಹನ್ನೆರಡನೇ ಮಹಡಿಯಲ್ಲಿ ನಿಮ್ಮ ಮನೆ. ಕಟ್ಟಡದ ತಳದ ತೆರೆದ ವಾಯ್ಡ್ ಡೆಕ್‌ನಲ್ಲಿ ಸ್ಕೂಟರ್ ಓಡಿಸುತ್ತೀರಿ, ಎಂಆರ್‌ಟಿ ರೈಲು ಹತ್ತಿ ಶಾಲೆಗೆ ಹೋಗುತ್ತೀರಿ. ಮೊನ್ನೆ ಇದನ್ನೆಲ್ಲ ಹೇಳಿದಾಗ ನಿಮ್ಮಲ್ಲೊಬ್ಬ ಮೊಮ್ಮಗಳು, “ಹಾಗಾದ್ರೆ ಇಲ್ಲಿ ಘೋಸ್ಟ್ ಇದ್ಯಾ ಅಜ್ಜಿ?” ಎಂದಳು. ಇಲ್ಲ ಎಂದೆ. ಬಹಳ ಜನರನ್ನು ಅವರ ಮನೆಯವರು ಕೈಯಾರೆ ಎತ್ತಿಕೊಂಡು ಹೋದರು. ಯಾರೂ ಬಾರದವರ ಬೂದಿಯನ್ನು ಸಮುದ್ರಕ್ಕೆ ಬಿಟ್ಟರು.

ಅವಳು ಕಿಟಕಿಯಿಂದ ಕೆಳಗೆ ನೋಡಿದಳು. ಆಮೇಲೆ, ನಮ್ಮ ಬ್ಲಾಕ್ ಇರುವ ಜಾಗದಲ್ಲಿ ಯಾರು ಮಲಗಿದ್ದರು, ಅವರಿಗಾಗಿ ಯಾರಾದರೂ ಬಂದಿದ್ದರಾ ಎಂದು ಕೇಳಿದಳು.

ಅದು ನನಗೆ ಗೊತ್ತಿಲ್ಲ.