ಬೆನ್ನ ಮೇಲೆ ಎರಡು ತಟ್ಟು

ಬ್ಯಾಕೋಡಿನ ಆಚೆಯ ಶಾಲೆಯ ಮಾಸ್ತಪ್ಪ ಮೇಷ್ಟ್ರನ್ನು ಸೀಟಿಯಿಲ್ಲದೆ ಕಂಡವರಿರಲಿಲ್ಲ. ಸಂಜೆಯಾದರೆ ಅವರು ಮಕ್ಕಳಿಗೆ ಖೊಖೊ ಆಡಿಸಲೇಬೇಕು. ಬಂಗಾರಿ ಎಂಬ ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಅವಳನ್ನು ಯಾರೂ ಸೇರಿಸುತ್ತಿರಲಿಲ್ಲ. ಮೇಷ್ಟ್ರು ಆಟದ ನಿಯಮವನ್ನೇ ಬದಲಿಸಿದರು. ಯಾರೂ 'ಖೋ' ಎಂದು ಕೂಗುವಂತಿಲ್ಲ, ಕೂತವರ ಬೆನ್ನಿಗೆ ಎರಡು ಸಲ ತಟ್ಟಬೇಕು, ತಟ್ಟುವವರೆಗೆ ಏಳಕೂಡದು. ತಿಂಗಳೊಳಗೆ ಅವಳ ಬೆನ್ನು ತಟ್ಟಲು ಮಕ್ಕಳಲ್ಲಿ ಪೈಪೋಟಿಯಾಯಿತು. ಆಟ ಮುಗಿದು ಸೀಟಿ ಊದಿದರೆ, ಉಳಿದವರು ಏಳುವುದನ್ನು ನೋಡಿ ಅವಳೂ ಏಳುತ್ತಿದ್ದಳು.

೧೯೬೪ರಲ್ಲಿ ಹೊಸ ಅಣೆಕಟ್ಟಿನ ನೀರು ಏರಿ ಶಾಲೆ, ಬಯಲು ಎರಡೂ ಮುಳುಗಿದವು. ಮಕ್ಕಳು ದಿಕ್ಕಾಪಾಲಾದರು. ಮೇಷ್ಟ್ರಿಗೆ ನಿಟ್ಟೂರಿಗೆ ವರ್ಗವಾಯಿತು.

ಎರಡು ವರ್ಷದ ಮೇಲೆ ಆನಂದಪುರದಲ್ಲಿ ಬಂಗಾರಿಯ ತಾಯಿ ಕೆರಿಯಮ್ಮ ಸಿಕ್ಕಳು.

"ನಮ್ ಹುಡುಗಿಗೆ ಎಂತ ಕಲಿಸಿದ್ರಿ ಮೇಷ್ಟ್ರೆ? ದಿನಾ ಸಂಜೆ ಗದ್ದೆಗೆ ಹೋಗಿ ಕೂರ್ತಾಳೆ. ಕೈ ಹಿಡಿದು ಎಳೆದ್ರೂ ಏಳಲ್ಲ. ಹೊತ್ಕಂಡೇ ಬರ್ಬೇಕು."

ಮೇಷ್ಟ್ರು ಅವಳ ಜೊತೆ ಹೋದರು. ಕೊಯ್ಲಾದ ಗದ್ದೆಯಲ್ಲಿ ಕಲ್ಲುಗಳ ಸಾಲು. ಒಂದೊಂದು ಮಗುವಿನ ಜಾಗಕ್ಕೆ ಒಂದೊಂದು ಕಲ್ಲು. ನಡುವೆ ಬಂಗಾರಿ ಕುಕ್ಕರುಗಾಲಲ್ಲಿ ಕೂತಿದ್ದಳು. ಮೇಷ್ಟ್ರು ಹಿಂದಿನಿಂದ ಬಂದು ಬೆನ್ನಿಗೆ ಎರಡು ಸಲ ತಟ್ಟಿದರು. ಯಾರೆಂದು ತಿರುಗಿಯೂ ನೋಡದೆ ಅವಳು ಎದ್ದು ಓಡಿದಳು. ಸಾಲಿನ ತುದಿಯ ಕಲ್ಲನ್ನು ಎರಡು ಸಲ ತಟ್ಟಿ, ಅದು ಏಳಲೆಂದು ಕಾದಳು. ಏಳಲಿಲ್ಲ. ಮತ್ತೆ ತಟ್ಟಿದಳು.

ಆಟ ಮುಗಿಯಿತು ಎಂದು ಅವಳಿಗೆ ಹೇಳಲು ಮೇಷ್ಟ್ರ ಬಳಿ ಇದ್ದದ್ದು ಕೊರಳಿನ ಸೀಟಿಯೊಂದೇ.