ಅಜ್ಜಿ ಮೊದಲು ಉಂಡ ಮುದ್ದೆ

ಆಗೆಲ್ಲ ನಮ್ಮ ಹೊಸಕೋಟೆ ಸೀಮೆಯ ಮನೆಗಳ ಧೈರ್ಯ ನೆಲದೊಳಗೆ ಇರುತ್ತಿತ್ತು. ಅಂಗಳದಲ್ಲಿ ಆಳವಾಗಿ ಅಗೆದು, ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿದ ಹಗೇವನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರುತ್ತೀರಿ.

ಯುದ್ಧದ ಕಾಲ. ಬೆಳೆದದ್ದರಲ್ಲಿ ಇಷ್ಟು ಪಾಲೆಂದು ಸರ್ಕಾರಕ್ಕೆ ಲೆವಿ ರಾಗಿ ಅಳೆಯಬೇಕಿತ್ತು. ಲೆವಿಯವರು ಪಕ್ಕದೂರಿಗೆ ಬಂದರೆಂದು ಕೇಳಿದ್ದೇ ತಡ, ಅಪ್ಪ ಇನ್ನೂ ಸರಿಯಾಗಿ ಒಣಗದ ರಾಗಿಯನ್ನೇ ಹಗೇವಿಗೆ ಸುರಿಸಿಬಿಟ್ಟರು.

"ಹಸಿ ಐತೆ ಕಣೋ, ಮುಗ್ಗಿಡೀತದೆ" ಎಂದು ಅಜ್ಜಿ ಬಡಕೊಂಡಳು.

"ಅವರ ಮೂಟೆಗೆ ಹೋಗೋ ಬದ್ಲು ಮುಗ್ಗಿಡೀಲಿ ಬಿಡವ್ವ!"

ಆ ಮಾತು ಬೇಸಿಗೆಯುದ್ದಕ್ಕೂ ನಮ್ಮನ್ನು ಕಾಡಿತು. ಹೊರಗಿಟ್ಟಿದ್ದ ರಾಗಿ ತಳ ಕಂಡಿತು. ಲೆವಿಯವರ ಕಣ್ಣಿಗೆ ಬಿದ್ದೀತೆಂದು ಹಗೇವು ತೆಗೆಯುವಂತಿರಲಿಲ್ಲ. ಅಮ್ಮ, ನಾನು ಬೇಲಿಸಾಲಲ್ಲಿ ಬೆರಕೆಸೊಪ್ಪು ಕಿತ್ತು ತಂದು ಹುರುಳಿಯೊಡನೆ ಬೇಯಿಸುತ್ತಿದ್ದೆವು. ಕುಡಿಯಲು ನೀರಿನಂಥ ಅಂಬಲಿ. ತಮ್ಮ ಗಂಗಳದ ತಳವನ್ನು ಬೆರಳಲ್ಲಿ ಗೀರಿ ಗೀರಿ ನೆಕ್ಕುತ್ತಿದ್ದ.

ಕೊನೆಗೆ ಹಗೇವು ತೆಗೆದರು. ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪ ಇಳಿಬಿಟ್ಟು ನೋಡಿದರು. ಆರಲಿಲ್ಲ. ಚಿಕ್ಕಪ್ಪ ಇಳಿದರು.

"ಹೆಂಗೈತ್ಲಾ?" ಅಪ್ಪ ಹಗೇವಿನ ಬಾಯಿಗೆ ಬಗ್ಗಿ ಕೇಳಿದರು.

"ಮ್ಯಾಲ್ಗಡೆ ಕರ್ರಗೆ ಹೆಪ್ಪುಗಟ್ಟೈತೆ ಕಣಣ್ಣ. ಕೆಳಗಿಂದು... ಏನೋಪ್ಪ, ಗೊತ್ತಾಗ್ತಿಲ್ಲ."

ಕೆಳಗಿನ ರಾಗಿಯ ಬಣ್ಣ ನೆಟ್ಟಗಿತ್ತು, ವಾಸನೆ ಮಾತ್ರ ಅನುಮಾನ. ಮುಗ್ಗಿದ ರಾಗಿ ತಿಂದು ಪಕ್ಕದೂರಲ್ಲಿ ಒಂದು ಮನೆಯವರೆಲ್ಲ ವಾಂತಿಭೇದಿಯಾಗಿ ಮಲಗಿದ್ದರು. ಅಜ್ಜಿ ನಮ್ಮ ಹಗೇವಿನ ಕೆಳಗಿನ ರಾಗಿಯಲ್ಲಿ ಒಂದಿಷ್ಟನ್ನು ತೊಳೆದು, ಒಣಗಿಸಿ, ಬೀಸಿ, ಒಂದೇ ಒಂದು ಮುದ್ದೆ ಕಟ್ಟಿದಳು.

"ಕೊಡವ್ವ, ನಾನ್ ತಿಂತೀನಿ" ಎಂದರು ಅಪ್ಪ.

"ನೀನ್ ಬಿದ್ರೆ ನೇಗ್ಲು ಹಿಡಿಯೋರ್ಯಾರು? ನಾನ್ ಉಣ್ಣೋದೆಲ್ಲ ಉಂಡಾಗೈತೆ. ಹೊತ್ತು ಮುಳುಗಿ ಬೈಗಾಗೋಗಂಟ ಯಾರೂ ಮುಟ್ಬ್ಯಾಡಿ."

ಸೊಪ್ಪಿನ ಸಾರಲ್ಲಿ ಅದ್ದಿ ಅದ್ದಿ ನುಂಗಿದಳು. ನಾನು ಎದುರಿಗೇ ಕೂತಿದ್ದೆ. ಅಜ್ಜಿ ಸತ್ತುಹೋದರೆ ಎಂಬ ಭಯ, ಆ ಬಿಸಿ ಮುದ್ದೆಯ ಮೇಲಿನ ಆಸೆ, ಎರಡೂ ಒಂದೇ ಹೊಟ್ಟೆಯಲ್ಲಿ.

"ಅಜ್ಜೀ, ಹೊಟ್ಟೆ ನೋಯ್ತದಾ?"

"ನೀ ಹಿಂಗೆ ನೋಡ್ತಾ ಕೂತ್ರೆ ನೋಯ್ತದೆ. ಹೋಗತ್ಲಾಗೆ!"

ಹೊತ್ತು ಇಳಿಯುವಾಗ ಜಗುಲಿಯ ಕಂಬಕ್ಕೆ ಒರಗಿದ್ದ ಅಜ್ಜಿಯ ಕತ್ತು ವಾಲಿತು. ಕಣ್ಣು ಮುಚ್ಚಿತ್ತು. ಅಮ್ಮ ಓಡಿಬಂದು ಭುಜ ಹಿಡಿದು ಅಲುಗಿಸಿದಳು. "ಅತ್ತೇ! ಅತ್ತೇ!"

ಅಜ್ಜಿ ಒಂದು ಕಣ್ಣು ತೆರೆದಳು. "ನಿದ್ದೆ ಕಣಮ್ಮಿ! ಹೊಟ್ಟೆ ತುಂಬ್ದೋರಿಗೆ ನಿದ್ದೆ ಬರಬಾರ್ದಾ? ಹೋಗು, ಎಸರಿಡು."

ಅಮ್ಮ ಒಲೆ ಊದುತ್ತ ಅತ್ತಳು. ಹೊಗೆಗೆ ಎಂದಳು.

ಈಗ ಆ ಅಂಗಳಕ್ಕೆ ಸಿಮೆಂಟು ಬಿದ್ದಿದೆ. ರಾಗಿಹಿಟ್ಟು ಅಂಗಡಿಯಿಂದ ಪೊಟ್ಟಣದಲ್ಲಿ ಬರುತ್ತದೆ; ಮೇಲಿನ ತಾರೀಕು ಓದಿ, ನಂಬಿ, ಉಣ್ಣುತ್ತೇವೆ. ನಮಗಿಂತ ಮೊದಲು ಉಂಡು, ಕಂಬಕ್ಕೊರಗಿ ಕಾಯುವ ಜೀವ ಮಾತ್ರ ಮನೆಯಲ್ಲಿಲ್ಲ.